ಪ್ರಧಾನಿ ಹೊರಟರು, ಮುಂದೆ ಯಾರು? ಮೊದಲು ಓಟು ಯಾರ ಕೈಯಲ್ಲಿದೆ ನೋಡಿ

2025ರ ಜನವರಿ 6ರಂದು ಕೆನಡಾದ ಪ್ರಧಾನಿ ಜಸ್ಟಿನ್ ಟ್ರುಡೊ ಒಟ್ಟಾವಾದ ತಮ್ಮ ಮನೆಯ ಮುಂದೆ ನಿಂತು, ಪಕ್ಷ ಹೊಸ ನಾಯಕನನ್ನು ಆರಿಸಿದ ಕೂಡಲೇ ಹುದ್ದೆ ಬಿಡುತ್ತೇನೆ ಎಂದರು. ನಮ್ಮ ಚಾನೆಲ್‌ಗಳಲ್ಲಿ ಆಗಲೇ ಒಂದು ಹೆಸರು ಎದ್ದಿತು: ಅನಿತಾ ಆನಂದ್. ತಂದೆ ತಮಿಳುನಾಡಿನವರು, ತಾಯಿ ಪಂಜಾಬಿನವರು. ಆಗ ಸಾರಿಗೆ ಸಚಿವೆಯಾಗಿದ್ದವರು. ಮೂರೇ ದಿನದಲ್ಲಿ ಇನ್ನೊಂದು ಹೆಸರು ಬಂತು. ಅದಂತೂ ಕರ್ನಾಟಕದ್ದೇ. ತುಮಕೂರು ಜಿಲ್ಲೆಯ ಶಿರಾ ತಾಲೂಕಿನಲ್ಲಿ ಹುಟ್ಟಿದ, ನೇಪಿಯನ್ ಕ್ಷೇತ್ರದ ಸಂಸದ ಚಂದ್ರ ಆರ್ಯ ತಾವೂ ಕಣದಲ್ಲಿದ್ದೇವೆ ಎಂದರು. 2022ರ ಮೇನಲ್ಲಿ ಅವರು ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ್ದ ವಿಡಿಯೊ ಮತ್ತೆ ಮೊಬೈಲ್‌ನಿಂದ ಮೊಬೈಲಿಗೆ ಓಡಾಡಿತು. ಹೊಸ ಭಾಷಣ ಅಂತಲೇ ತಿಳಿದು ಹಂಚಿದವರೂ ಇದ್ದರು.

ಜನವರಿ 11ಕ್ಕೆ ಆನಂದ್ ತಾವು ಸ್ಪರ್ಧಿಸುವುದಿಲ್ಲ ಎಂದರು. ಜನವರಿ 26ಕ್ಕೆ ಪಕ್ಷ ಆರ್ಯ ಅವರಿಗೆ ಸ್ಪರ್ಧಿಸಲು ಅವಕಾಶವಿಲ್ಲ ಎಂದಿತು. ಮಾರ್ಚ್ 9ಕ್ಕೆ ಗೆದ್ದವರು ಮಾರ್ಕ್ ಕಾರ್ನಿ. ಒಂದು ಚುನಾವಣೆಗೂ ಯಾವತ್ತೂ ನಿಂತವರಲ್ಲ, ಸಂಸದರೂ ಅಲ್ಲ. ಬ್ಯಾಂಕ್ ಆಫ್ ಕೆನಡಾದ ಗವರ್ನರ್ ಆಗಿದ್ದವರು, ಆಮೇಲೆ 2013ರಿಂದ 2020ರವರೆಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದವರು.

ಭಾರತದ ಮೂಲ ಇದೆ ಅನ್ನುವ ಕಾರಣಕ್ಕೆ ನಾವು ಎತ್ತಿ ಹಿಡಿದ ಹೆಸರುಗಳು ಒಂದೂ ಕೊನೆಯ ಸುತ್ತಿಗೆ ಬರಲಿಲ್ಲ. ಅದರಲ್ಲಿ ಅಚ್ಚರಿ ಏನಿಲ್ಲ. ಪ್ರಧಾನಿ ಹೊರಟಾಗಲೆಲ್ಲ ಟಿವಿಯವರು ಫೋಟೊಗಳನ್ನು ಸಾಲಾಗಿ ಅಂಟಿಸುತ್ತಾರೆ. ಸಮಯ ಉಳಿದರೆ ಜ್ಯೋತಿಷಿಯನ್ನೂ ಕರೆಸುತ್ತಾರೆ. ಆ ಫೋಟೊಗಳಲ್ಲಿ ಒಂದನ್ನು ಆರಿಸುವ ಅಧಿಕಾರ ಎಷ್ಟು ಜನರಿಗಿದೆ, ಅವರು ಯಾರು, ಯಾವ ಗಡುವಿನೊಳಗೆ ಆರಿಸಬೇಕು ಅನ್ನೋದು ಮಾತ್ರ ಪರದೆಯ ಮೇಲೆ ಬರುವುದೇ ಇಲ್ಲ. ನನ್ನ ಮಟ್ಟಿಗೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಕೆನಡಾದ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಇದು ಗೊತ್ತಾಗುತ್ತದೆ.

ಟ್ರುಡೊ ಜಾರಲು ಶುರುವಾಗಿದ್ದು 2024ರ ಜೂನ್‌ನಲ್ಲಿ. ಮೂವತ್ತು ವರ್ಷದಿಂದ ಅವರ ಲಿಬರಲ್ ಪಕ್ಷದ ಕೈಯಲ್ಲಿದ್ದ ಟೊರೊಂಟೊ ನಗರದ ಒಂದು ಕ್ಷೇತ್ರ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಾಲಾಯಿತು. ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲೂ ಹಾಗೇ ಆಯಿತು, ಅಲ್ಲಿ ಗೆದ್ದಿದ್ದು ಕ್ವಿಬೆಕ್ ಪ್ರಾಂತ್ಯದ ಪಕ್ಷವಾದ ಬ್ಲಾಕ್ ಕ್ವಿಬೆಕ್ವಾ. ಅದೇ ತಿಂಗಳು ಜಗ್ಮೀತ್ ಸಿಂಗ್ ಅವರ ಎನ್‌ಡಿಪಿ ಹೊರಗಿನ ಬೆಂಬಲದ ಒಪ್ಪಂದ ಮುರಿಯಿತು. ಅಕ್ಟೋಬರ್‌ನಲ್ಲಿ ಸ್ವಂತ ಪಕ್ಷದ ಇಪ್ಪತ್ತಕ್ಕೂ ಹೆಚ್ಚು ಸಂಸದರು ಇಳಿಯಿರಿ ಎಂದು ಪತ್ರ ಬರೆದರು. ಕೊನೆಯ ಪೆಟ್ಟು ಬಿದ್ದಿದ್ದು ಡಿಸೆಂಬರ್ 16ಕ್ಕೆ. ಉಪಪ್ರಧಾನಿ ಮತ್ತು ಹಣಕಾಸು ಸಚಿವೆ ಕ್ರಿಸ್ಟಿಯಾ ಫ್ರೀಲ್ಯಾಂಡ್ ಆ ದಿನ ಸಂಸತ್ತಿನಲ್ಲಿ ಹಣಕಾಸು ಸ್ಥಿತಿಯ ವರದಿ ಮಂಡಿಸಬೇಕಿತ್ತು. ಬೆಳಿಗ್ಗೆಯೇ ರಾಜೀನಾಮೆ ಕೊಟ್ಟು, ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟರು. ಇದೆಲ್ಲದರ ಮೇಲೆ ಡೊನಾಲ್ಡ್ ಟ್ರಂಪ್ ಗೆದ್ದು, ಕೆನಡಾದ ಸರಕಿಗೆ ಶೇ 25 ಸುಂಕ ಹಾಕುತ್ತೇನೆ, ಅದು ನಮ್ಮ 51ನೇ ರಾಜ್ಯ ಆಗಬಹುದು ಎನ್ನುತ್ತಿದ್ದರು.

ಹೀಗಿರುವಾಗ ಟ್ರುಡೊ ಸಂಸತ್ ಅಧಿವೇಶನವನ್ನು ಮಾರ್ಚ್ 24ರವರೆಗೆ ನಿಲ್ಲಿಸಿದರು. ಅಂದರೆ ಪಕ್ಷಕ್ಕೆ ಸಿಕ್ಕಿದ್ದು ಹನ್ನೊಂದು ವಾರ. ಮಾರ್ಚ್ 24ಕ್ಕೆ ಸಂಸತ್ತು ಸೇರಿದರೆ ಸರ್ಕಾರವನ್ನು ಬೀಳಿಸಲು ಮೂರು ವಿರೋಧ ಪಕ್ಷಗಳು ಕಾಯುತ್ತಿದ್ದವು. ಗೆದ್ದವರು ಪ್ರಧಾನಿಯಾದ ಕೆಲವೇ ವಾರಗಳಲ್ಲಿ ಚುನಾವಣೆ. ಸಮೀಕ್ಷೆಗಳಲ್ಲಿ ಕನ್ಸರ್ವೇಟಿವ್ ಪಕ್ಷ 20 ಅಂಶಗಳಿಗಿಂತ ಹೆಚ್ಚು ಮುಂದಿತ್ತು.

ಈಗ ಆ ಪಟ್ಟಿಯಲ್ಲಿದ್ದ ದೊಡ್ಡ ಹೆಸರುಗಳು ಏನು ಮಾಡಿದವು ನೋಡಿ. ಫ್ರೀಲ್ಯಾಂಡ್ ಜಾಗಕ್ಕೆ ಬಂದಿದ್ದ ಹಣಕಾಸು ಸಚಿವ ಡೊಮಿನಿಕ್ ಲೆಬ್ಲಾಂಕ್ ಎರಡೇ ದಿನದಲ್ಲಿ ಬೇಡ ಎಂದರು. ವಿದೇಶಾಂಗ ಸಚಿವೆ ಮೆಲನಿ ಜೋಲಿ ಜನವರಿ 10ಕ್ಕೆ, ಮರುದಿನ ಆನಂದ್, ಅದಾಗಿ ಮೂರು ದಿನಕ್ಕೆ ಕೈಗಾರಿಕಾ ಸಚಿವ ಫ್ರಾನ್ಸ್ವಾ ಫಿಲಿಪ್ ಶಾಂಪೇನ್. ಲೆಬ್ಲಾಂಕ್ ಮತ್ತು ಜೋಲಿ ಕೊಟ್ಟ ಕಾರಣ ಒಂದೇ: ಟ್ರಂಪ್ ಸುಂಕದ ಬೆದರಿಕೆ ಎದುರಿಸುವ ಕೆಲಸ ತಲೆಯ ಮೇಲಿದೆ. ಅದು ನಿಜವೇ. ಹೇಳದ ಕಾರಣವೂ ಒಂದಿತ್ತು ಅನ್ನೋದು ಕೆನಡಾದ ರಾಜಕೀಯ ಬಲ್ಲ ಯಾರಿಗಾದರೂ ಗೊತ್ತಾಗುತ್ತದೆ.

ಜಸ್ಟಿನ್ ಅವರ ತಂದೆ ಪಿಯೆರ್ ಟ್ರುಡೊ 1984ರಲ್ಲಿ ಹುದ್ದೆ ಬಿಟ್ಟಾಗ ಬಂದವರು ಜಾನ್ ಟರ್ನರ್. ಎಲ್ಲರೂ ಮುಂಚೆಯೇ ಊಹಿಸಿದ್ದ ಹೆಸರು. 79 ದಿನ ಪ್ರಧಾನಿಯಾಗಿದ್ದರು. ಚುನಾವಣೆಗೆ ಹೋಗಿ 282ರಲ್ಲಿ 40 ಸೀಟಿಗೆ ಇಳಿದರು. 1993ರಲ್ಲಿ ಬ್ರಯನ್ ಮಲ್ರೋನಿ ಹೋದ ಮೇಲೆ ಬಂದ ಕಿಮ್ ಕ್ಯಾಂಪ್‌ಬೆಲ್ ಆ ದೇಶದ ಮೊದಲ ಮಹಿಳಾ ಪ್ರಧಾನಿ. ನಾಲ್ಕೇ ತಿಂಗಳಲ್ಲಿ ಚುನಾವಣೆ ಬಂತು. ಆಳುತ್ತಿದ್ದ ಪಕ್ಷಕ್ಕೆ ಇಡೀ ದೇಶದಲ್ಲಿ 2 ಸೀಟು. ಸ್ವತಃ ಅವರೇ ಸೋತರು. ನಲವತ್ತು, ಐವತ್ತರ ವಯಸ್ಸಿನ ಮಂತ್ರಿಯೊಬ್ಬರಿಗೆ ಈ ಇತಿಹಾಸ ಗೊತ್ತಿದ್ದರೆ ಕುರ್ಚಿ ಕಣ್ಣೆದುರಿಗೇ ಇದ್ದರೂ ಹಿಂದೆ ಸರಿಯುವುದು ಜಾಣತನ ಅಲ್ವಾ? ಹೀಗಾಗಿ ‘ಇಲ್ಲ’ ಎಂದವರ ಪಟ್ಟಿಯನ್ನು ನಾನು ‘ಹೌದು’ ಎಂದವರ ಪಟ್ಟಿಗಿಂತ ಜಾಸ್ತಿ ಗಮನಿಸುತ್ತೇನೆ. ಮುಂದಿನ ಚುನಾವಣೆಯ ಬಗ್ಗೆ ಒಳಗಿನವರು ಏನು ಅಂದುಕೊಂಡಿದ್ದಾರೆ ಅನ್ನೋದು ಅಲ್ಲಿ ಕಾಣುತ್ತದೆ.

ಇನ್ನು ನಿಯಮಗಳಿಗೆ ಬರೋಣ. ಸ್ಪರ್ಧಿಸಲು ಪಕ್ಷ ಇಟ್ಟ ಶುಲ್ಕ 3,50,000 ಕೆನಡಾ ಡಾಲರ್. ನಮ್ಮ ಲೆಕ್ಕದಲ್ಲಿ 2 ಕೋಟಿ ರೂಪಾಯಿ ದಾಟುತ್ತದೆ. ಟ್ರುಡೊ ಗೆದ್ದ 2013ರ ಸ್ಪರ್ಧೆಯಲ್ಲಿ ಅದು 75,000 ಇತ್ತು. ಹಣವನ್ನು ಕಂತುಗಳಲ್ಲಿ ಕಟ್ಟಬಹುದಿತ್ತು, ಆದರೆ ಕೆಲವೇ ವಾರಗಳಲ್ಲಿ ಎಲ್ಲ ಮುಗಿಯಬೇಕು. ಹೆಸರು ಕೊಡಲು ಜನವರಿ 23 ಕೊನೆಯ ದಿನ, ಓಟು ಹಾಕುವವರು ನೋಂದಾಯಿಸಲು ಜನವರಿ 27. ಲಿಬರಲ್ ಪಕ್ಷದ ಸದಸ್ಯತ್ವಕ್ಕೆ ದುಡ್ಡಿಲ್ಲ, 14 ವರ್ಷ ತುಂಬಿದ್ದರೆ ಸಾಕು. ನಾಗರಿಕರಲ್ಲದವರೂ ಸುಲಭವಾಗಿ ಸೇರಬಹುದು ಎಂಬ ಟೀಕೆ ಬಂದ ಮೇಲೆ ನಾಗರಿಕರು ಮತ್ತು ಕಾಯಂ ನಿವಾಸಿಗಳು ಮಾತ್ರ ಓಟು ಹಾಕುವಂತೆ ನಿಯಮ ಬಿಗಿ ಮಾಡಿದರು.

ಎಲ್ಲಕ್ಕಿಂತ ಮುಖ್ಯವಾದದ್ದು ಎಣಿಕೆಯ ಕ್ರಮ. ಒಟ್ಟು ಓಟು ಎಣಿಸಿ ಗೆದ್ದವರನ್ನು ಘೋಷಿಸುವ ಪದ್ಧತಿ ಅಲ್ಲಿಲ್ಲ. 343 ಲೋಕಸಭಾ ಕ್ಷೇತ್ರಗಳಿಗೆ ತಲಾ 100 ಅಂಕ. ಒಂದು ಕ್ಷೇತ್ರದಲ್ಲಿ ಐದು ಸಾವಿರ ಜನ ಓಟು ಹಾಕಿದರೂ ಅದರ ಬೆಲೆ 100, ನೂರು ಜನ ಹಾಕಿದರೂ 100. ಭಾರತ ಮೂಲದವರು ಹೆಚ್ಚಿರುವ ಬ್ರ್ಯಾಂಪ್ಟನ್ ಅಥವಾ ಸರ್ರೆಯಲ್ಲಿ ತಮ್ಮ ಸಮುದಾಯದವರನ್ನು ಸಾವಿರಗಟ್ಟಲೆ ಸೇರಿಸಿಕೊಂಡರೂ ಅಲ್ಲಿನ ಅಂಕ ಮಾತ್ರ ಸಿಗುತ್ತದೆ. ಕ್ವಿಬೆಕ್ ಒಂದರಲ್ಲೇ 78 ಕ್ಷೇತ್ರಗಳಿವೆ. ಅಂದರೆ 34,300 ಅಂಕಗಳಲ್ಲಿ 7,800 ಫ್ರೆಂಚ್ ಮಾತಾಡುವ ನಾಡಿನದು. ಫ್ರೆಂಚ್ ಬಾರದವರು ಕಾಲು ಭಾಗಕ್ಕೆ ಸ್ವಲ್ಪ ಕಮ್ಮಿ ಅಂಕಗಳನ್ನು ಮೊದಲೇ ಬಿಟ್ಟುಕೊಟ್ಟು ಓಡಬೇಕು. ಎರಡು ಚರ್ಚೆಗಳಲ್ಲಿ ಮೊದಲನೆಯದು ಮಾಂಟ್ರಿಯಲ್‌ನಲ್ಲಿ ಫ್ರೆಂಚ್‌ನಲ್ಲೇ ನಡೆಯಿತು.

ಚಂದ್ರ ಆರ್ಯ ಅವರ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ. ಅವರಿಗೆ ಫ್ರೆಂಚ್ ಬರುತ್ತಿರಲಿಲ್ಲ. ಭಾಷೆಗಿಂತ ಕೆಲಸ ಮುಖ್ಯ, ಕ್ವಿಬೆಕ್ ಜನಕ್ಕೂ ಅದೇ ಬೇಕು ಎಂದು ಸಂದರ್ಶನದಲ್ಲಿ ವಾದಿಸಿದರು. ಬ್ರಿಟನ್ನಿನ ರಾಜನನ್ನು ಬಿಟ್ಟು ಕೆನಡಾ ಗಣರಾಜ್ಯ ಆಗಬೇಕು ಎಂದರು. ಸಂಪುಟದಲ್ಲಿ ಯಾವತ್ತೂ ಇದ್ದವರಲ್ಲ. ಈ ಎಣಿಕೆಯ ಎದುರು ಅವರ ಗೆಲುವಿನ ದಾರಿ ತುಂಬ ಕಿರಿದಾಗಿತ್ತು, ಪಕ್ಷ ತಡೆಯದಿದ್ದರೂ ಸಹ. ಆದರೆ ಪಕ್ಷ ತಡೆಯಿತು, ಕಾರಣವನ್ನು ಜನರ ಮುಂದೆ ವಿವರವಾಗಿ ಇಡಲೂ ಇಲ್ಲ. ಅದು ನನಗೆ ಸರಿ ಕಾಣಲಿಲ್ಲ. ದೇಶದ ಪ್ರಧಾನಿಯಾಗುವ ಸ್ಪರ್ಧೆಗೆ ಒಬ್ಬ ಹಾಲಿ ಸಂಸದ ಅರ್ಹ ಅಲ್ಲ ಎನ್ನುವಾಗ ಯಾಕೆ ಅಂತ ಹೇಳಬೇಕಾಗುತ್ತದೆ. ಮಾರ್ಚ್‌ನಲ್ಲಿ ನೇಪಿಯನ್ ಟಿಕೆಟ್ಟೂ ಅವರ ಕೈತಪ್ಪಿತು. ಅಲ್ಲಿಂದ ನಿಂತು ಗೆದ್ದವರು ಮಾರ್ಕ್ ಕಾರ್ನಿಯೇ.

ಕಣದಲ್ಲಿ ಉಳಿದವರು ಮುಖ್ಯವಾಗಿ ಇಬ್ಬರು, ಕಾರ್ನಿ ಮತ್ತು ಫ್ರೀಲ್ಯಾಂಡ್. ಅನುಭವದಲ್ಲಿ ಫ್ರೀಲ್ಯಾಂಡ್‌ಗೆ ಸಾಟಿ ಇರಲಿಲ್ಲ. ಟ್ರಂಪ್ ಅವರ ಮೊದಲ ಅವಧಿಯಲ್ಲಿ ವ್ಯಾಪಾರ ಒಪ್ಪಂದದ ಮಾತುಕತೆ ನಡೆಸಿದವರೇ ಅವರು. ಆದರೆ ಒಂಬತ್ತು ವರ್ಷ ಟ್ರುಡೊ ಪಕ್ಕದಲ್ಲೇ ಕೂತಿದ್ದರು. ಜನ ಬೇಸತ್ತಿದ್ದು ಯಾರ ಮೇಲೋ ಅವರ ನೆರಳಿನಿಂದ ಒಂದು ಪತ್ರ ಬರೆದು ಹೊರಗೆ ಬರಲು ಆಗುವುದಿಲ್ಲ. ಕಾರ್ನಿ ಹೊರಗಿನವನು ಅಂತಲೇ ತಮ್ಮನ್ನು ಪರಿಚಯಿಸಿಕೊಂಡರು. ಟ್ರುಡೊಗೆ ಆರ್ಥಿಕ ಸಲಹೆ ಕೊಟ್ಟಿದ್ದರೂ ಆ ಮಾತು ನಡೆಯಿತು. ಸುಂಕದ ಭಯ ಹೆಚ್ಚಿದಂತೆ ಎರಡು ದೇಶಗಳ ಕೇಂದ್ರ ಬ್ಯಾಂಕ್ ನಡೆಸಿದ, 2008ರ ಬಿಕ್ಕಟ್ಟನ್ನು ಕಂಡ ಮನುಷ್ಯನಿಗೆ ಬೆಲೆ ಬಂತು. ಮಂತ್ರಿಗಳು ಒಬ್ಬೊಬ್ಬರಾಗಿ ಅವರ ಬೆನ್ನಿಗೆ ನಿಂತರು.

ಸುಮಾರು 4 ಲಕ್ಷ ಜನ ನೋಂದಾಯಿಸಿದ್ದರು. ಗುರುತಿನ ಪರಿಶೀಲನೆ ಮುಗಿಸಿ ಓಟು ಹಾಕಿದವರು 1,51,899. ಕಾರ್ನಿಗೆ ಶೇ 85.9, ಫ್ರೀಲ್ಯಾಂಡ್‌ಗೆ ಶೇ 8. ನಾಲ್ಕು ಕೋಟಿ ಜನರ ದೇಶಕ್ಕೆ ಪ್ರಧಾನಿಯನ್ನು ಆರಿಸಿದ್ದು ಒಂದೂವರೆ ಲಕ್ಷ ಮಂದಿ. ಏಪ್ರಿಲ್ 28ರ ಚುನಾವಣೆಯಲ್ಲಿ ಅವರ ಆಯ್ಕೆಯನ್ನು ದೇಶವೂ ಒಪ್ಪಿತು. ಬಹುಮತಕ್ಕೆ ಸ್ವಲ್ಪದರಲ್ಲಿ ಕಮ್ಮಿಯಾದರೂ ಲಿಬರಲ್ ಪಕ್ಷವೇ ಮೊದಲು ಬಂತು. ವಿರೋಧ ಪಕ್ಷದ ನಾಯಕ ಪಿಯೆರ್ ಪೊಲಿಯೆವ್ ತಮ್ಮ ಸೀಟನ್ನೇ ಕಳೆದುಕೊಂಡರು. ಜನವರಿಯಲ್ಲಿ ಬೇಡ ಎಂದು ಹಿಂದೆ ಸರಿದ ಆನಂದ್ ಮೇ ತಿಂಗಳಲ್ಲಿ ಭಗವದ್ಗೀತೆಯ ಮೇಲೆ ಕೈ ಇಟ್ಟು ವಿದೇಶಾಂಗ ಸಚಿವೆಯಾದರು. ಟರ್ನರ್, ಕ್ಯಾಂಪ್‌ಬೆಲ್ ಪಾಠ ಈ ಸಲ ಸುಳ್ಳಾಯಿತು. ಅದಕ್ಕೆ ಕಾರಣ ಒಟ್ಟಾವಾದಲ್ಲಿ ಇರಲಿಲ್ಲ, ವಾಷಿಂಗ್ಟನ್‌ನಲ್ಲಿತ್ತು. ಇಂಥ ತಿರುವನ್ನು ಯಾವ ನಿಯಮ ಪುಸ್ತಕವೂ ಹೇಳಲ್ಲ.

ಆರಿಸುವವರು ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ ಎಂದು ನೋಡಲು ಬ್ರಿಟನ್ನಿನ 2022ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಬೋರಿಸ್ ಜಾನ್ಸನ್ ಜುಲೈ 7ರಂದು ರಾಜೀನಾಮೆ ಘೋಷಿಸಿದರು. ಕನ್ಸರ್ವೇಟಿವ್ ಸಂಸದರು ಸುತ್ತಿನ ಮೇಲೆ ಸುತ್ತು ಓಟು ಹಾಕಿ ಇಬ್ಬರನ್ನು ಉಳಿಸುತ್ತಾರೆ. ಆ ಇಬ್ಬರಲ್ಲಿ ಒಬ್ಬರನ್ನು ಪಕ್ಷದ ಸದಸ್ಯರು ಆರಿಸುತ್ತಾರೆ. ಸಂಸದರ ಪ್ರತಿ ಸುತ್ತಿನಲ್ಲೂ ಮುಂದಿದ್ದವರು ರಿಷಿ ಸುನಕ್. ಕೊನೆಯ ಸುತ್ತಿನಲ್ಲಿ ಅವರಿಗೆ 137, ಲಿಜ್ ಟ್ರಸ್‌ಗೆ 113, ಪೆನಿ ಮೊರ್ಡಂಟ್‌ಗೆ 105. ಸದಸ್ಯರ ಓಟಿನಲ್ಲಿ ಟ್ರಸ್‌ಗೆ 81,326, ಸುನಕ್‌ಗೆ 60,399. ಸದಸ್ಯರಿಗೆ ತೆರಿಗೆ ಕಡಿತ ಬೇಕಿತ್ತು, ಟ್ರಸ್ ಕೊಡುತ್ತೇನೆ ಎಂದರು. ಸಾಲ ಮಾಡಿ ತೆರಿಗೆ ಕಡಿಮೆ ಮಾಡಿದರೆ ಅಪಾಯ ಎಂದು ಸುನಕ್ ಎಚ್ಚರಿಸಿದರು, ಜೊತೆಗೆ ಬೋರಿಸ್‌ಗೆ ಕೈಕೊಟ್ಟವರು ಎಂಬ ಹೆಸರೂ ಅವರ ಮೇಲಿತ್ತು.

ಪ್ರಧಾನಿಯಾದ ಟ್ರಸ್ ಅವರ ಸರ್ಕಾರದ ಸೆಪ್ಟೆಂಬರ್ 23ರ ಮಿನಿ ಬಜೆಟ್ ಪೌಂಡನ್ನು ಮುಳುಗಿಸಿತು. ಅಕ್ಟೋಬರ್ 20ಕ್ಕೆ ಟ್ರಸ್ ಹೊರಟರು. ಈಗ ಪಕ್ಷಕ್ಕೆ ಇನ್ನೊಂದು ಬೇಸಿಗೆಯ ಪ್ರಚಾರ ಬೇಕಿರಲಿಲ್ಲ. ಕಣಕ್ಕೆ ಇಳಿಯಲು ಕನಿಷ್ಠ 100 ಸಂಸದರ ಸಹಿ ಬೇಕು ಎಂದರು, ಗಡುವು ನಾಲ್ಕೇ ದಿನ. ಬೋರಿಸ್ ಸಹಿಗಳಿವೆ ಎನ್ನುತ್ತಲೇ ಹಿಂದೆ ಸರಿದರು. ಮೊರ್ಡಂಟ್ ಕೊನೇ ಗಳಿಗೆಯಲ್ಲಿ ಕೈಬಿಟ್ಟರು. ಸದಸ್ಯರಿಗೆ ಓಟು ಹಾಕುವ ಅವಕಾಶವೇ ಬರಲಿಲ್ಲ. ಏಳು ವಾರದ ಹಿಂದೆ ಸೋತಿದ್ದ ಸುನಕ್ ಅಕ್ಟೋಬರ್ 25ಕ್ಕೆ ಪ್ರಧಾನಿ. ಮನುಷ್ಯ ಅವನೇ, ಪಕ್ಷ ಅದೇ. ನಮ್ಮಲ್ಲಿ ಅವತ್ತು ಇನ್ಫೋಸಿಸ್ ನಾರಾಯಣ ಮೂರ್ತಿಯವರ ಅಳಿಯ, ಬೆಂಗಳೂರಿನ ಅಳಿಯ ಅಂತ ಸಂಭ್ರಮವೋ ಸಂಭ್ರಮ. 100 ಸಹಿಯ ನಿಯಮ ಮಾಡಿದವರಿಗೆ ಯಾರೂ ಸಿಹಿ ಹಂಚಲಿಲ್ಲ.

ಜಪಾನ್‌ನಲ್ಲೂ ಇದೇ ಜಗ್ಗಾಟ. ಅಲ್ಲಿನ ಎಲ್‌ಡಿಪಿ ಪಕ್ಷದಲ್ಲಿ ಮೊದಲ ಸುತ್ತಿಗೆ ಸಂಸದರ ಓಟು, ಸಾಮಾನ್ಯ ಸದಸ್ಯರ ಓಟು ಎರಡಕ್ಕೂ ಸಮ ತೂಕ. ಎರಡನೇ ಸುತ್ತಿನಲ್ಲಿ ಸಂಸದರ ತೂಕ ಜಾಸ್ತಿ. 2024ರಲ್ಲಿ ಮೊದಲ ಸುತ್ತು ಗೆದ್ದ ಸನೇ ತಕೈಚಿ ಎರಡನೇ ಸುತ್ತಿನಲ್ಲಿ ಶಿಗೆರು ಇಶಿಬಾಗೆ ಸೋತರು. 2025ರ ಸೆಪ್ಟೆಂಬರ್‌ನಲ್ಲಿ ಇಶಿಬಾ ಹೊರಟಾಗ, ಮಾಜಿ ಪ್ರಧಾನಿಯ ಮಗ ಶಿಂಜಿರೊ ಕೊಯಿಜುಮಿ ಎಂದು ಬಹಳ ಜನ ಊಹಿಸಿದ್ದರು. ಸದಸ್ಯರ ಓಟು ತಕೈಚಿ ಕಡೆ ಎಷ್ಟು ಬಲವಾಗಿ ಹರಿಯಿತೆಂದರೆ ಸಂಸದರೂ ಅದನ್ನು ಮೀರಲಿಲ್ಲ. ಅಕ್ಟೋಬರ್ 4ರಂದು 185–156ರಿಂದ ಗೆದ್ದರು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಆರೇ ದಿನಕ್ಕೆ ಹಳೆಯ ಮಿತ್ರಪಕ್ಷ ಕೊಮೆಯಿತೊ ಕೈಬಿಟ್ಟಿತು. ಬೇರೆ ಪಕ್ಷವೊಂದನ್ನು ಒಪ್ಪಿಸಿ, 21ಕ್ಕೆ ಸಂಸತ್ತಿನಲ್ಲಿ ಗೆದ್ದ ಮೇಲೆಯೇ ಅವರು ಪ್ರಧಾನಿ.

ನಮ್ಮ ದೇಶಕ್ಕೆ ಬಂದರೆ ಲೆಕ್ಕವೇ ಬೇರೆ. ಇಲ್ಲಿ ಸದಸ್ಯರ ಓಟು ಅನ್ನೋದಿಲ್ಲ. ಸಂಸದರ ಓಟು ಕೂಡ ನಿಜವಾಗಿ ನಡೆದದ್ದು ಬಲು ಅಪರೂಪ. 1966ರ ಜನವರಿಯಲ್ಲಿ ಶಾಸ್ತ್ರಿಯವರು ತೀರಿಕೊಂಡಾಗ ಕಾಂಗ್ರೆಸ್ ಸಂಸದರು ಓಟು ಹಾಕಿದರು. ಇಂದಿರಾ ಗಾಂಧಿಗೆ 355, ಮೊರಾರ್ಜಿ ದೇಸಾಯಿಗೆ 169. ಅಲ್ಲೂ ಎಣಿಕೆಗೆ ಮೊದಲೇ ಕಾಮರಾಜ್ ಮತ್ತು ರಾಜ್ಯಗಳ ಮುಖ್ಯಮಂತ್ರಿಗಳು ತಮ್ಮ ತಮ್ಮ ಸಂಸದರನ್ನು ಒಂದು ಕಡೆ ತಂದು ನಿಲ್ಲಿಸಿದ್ದರು.

ಮೈತ್ರಿ ಕಾಲದಲ್ಲಂತೂ ಯಾರಿಗೆ ಎಷ್ಟು ಬೆಂಬಲ ಅನ್ನುವುದಕ್ಕಿಂತ ಯಾರಿಗೆ ಯಾರ ತಕರಾರು ಇಲ್ಲ ಅನ್ನುವುದೇ ದೊಡ್ಡದು. ಕರ್ನಾಟಕದವರು ಇದನ್ನು ಹತ್ತಿರದಿಂದ ನೋಡಿದ್ದೇವೆ. 1996ರಲ್ಲಿ ವಾಜಪೇಯಿ ಸರ್ಕಾರ 13 ದಿನಕ್ಕೆ ಬಿತ್ತು. ಕಾಂಗ್ರೆಸ್, ಬಿಜೆಪಿ ಎರಡೂ ಅಲ್ಲದ ಪಕ್ಷಗಳ ಕೂಟವಾದ ಸಂಯುಕ್ತ ರಂಗದ ಮೊದಲ ಆಯ್ಕೆ ವಿ.ಪಿ. ಸಿಂಗ್, ಅವರು ಒಪ್ಪಲಿಲ್ಲ. ಆಮೇಲೆ ಜ್ಯೋತಿ ಬಸು, ಅವರ ಪಕ್ಷವಾದ ಸಿಪಿಎಂ ಬಿಡಲಿಲ್ಲ. ಆಗ ಬಂದ ಹೆಸರು ಎಚ್.ಡಿ. ದೇವೇಗೌಡ. ಜನತಾದಳದಿಂದ ರಾಜ್ಯದ 28ರಲ್ಲಿ 16 ಸೀಟು ಗೆಲ್ಲಿಸಿಕೊಟ್ಟಿದ್ದ ಮುಖ್ಯಮಂತ್ರಿ. ದೆಹಲಿಯಲ್ಲಿ ಹಳೆಯ ಶತ್ರುಗಳಿಲ್ಲದ ಮನುಷ್ಯ. ಜೂನ್ 1ಕ್ಕೆ ಪ್ರಮಾಣವಚನ, ಕಾರ್ನಿಯ ಹಾಗೆಯೇ ಆಗ ಅವರೂ ಸಂಸದರಾಗಿರಲಿಲ್ಲ.

ಅವರು ಹೋದದ್ದೂ ಒಂದೇ ವೀಟೊದಿಂದ. 1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ್ ಕೇಸರಿ ಬೆಂಬಲ ವಾಪಸ್ ಪಡೆದರು. ಏಪ್ರಿಲ್ 11ರಂದು ಸರ್ಕಾರ ವಿಶ್ವಾಸಮತ ಸೋತಿತು. ತಮಿಳುನಾಡಿನ ಮೂಪನಾರ್, ಮುಲಾಯಂ ಸಿಂಗ್ ಎಂದೆಲ್ಲ ಹೆಸರು ಓಡಾಡಿದವು. ಒಬ್ಬೊಬ್ಬರಿಗೂ ಯಾರದೋ ಒಬ್ಬರ ಅಡ್ಡಿ. ತನ್ನನ್ನು ತಡೆದದ್ದು ಲಾಲೂ ಎಂದು ಮುಲಾಯಂ ಆಮೇಲೆ ತಾವೇ ದೂರಿದರು. ಉಳಿದವರು ಐ.ಕೆ. ಗುಜ್ರಾಲ್. ಹಿಂದೆ ದೊಡ್ಡ ಬಣ ಇರಲಿಲ್ಲ, ಹಾಗಾಗಿ ಭಯ ಪಡುವವರೂ ಇರಲಿಲ್ಲ. ಏಪ್ರಿಲ್ 21ಕ್ಕೆ ಪ್ರಧಾನಿಯಾದರು.

ಬಲವಾದ ಹೈಕಮಾಂಡ್ ಇದ್ದಾಗ ಈ ತಕರಾರು ಹೇಳುವ ಹಕ್ಕು ನಾಲ್ಕೈದು ಜನರ ಕೈಗೆ ಹೋಗುತ್ತದೆ. ಆಗ ಊಹೆ ಇನ್ನೂ ಕಷ್ಟ. 2021ರ ಜುಲೈ 26ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟಾಗ ನಿರಾಣಿ, ಬೆಲ್ಲದ, ಜೋಶಿ ಅಂತ ಚಾನೆಲ್‌ಗಳು ಕೂಗಿದ್ದು ನೆನಪಿರಬೇಕು. ಮರುದಿನ ಶಾಸಕಾಂಗ ಪಕ್ಷದ ಸಭೆಯಲ್ಲಿ ಬಸವರಾಜ ಬೊಮ್ಮಾಯಿ ಹೆಸರು ಸೂಚಿಸಿದ್ದು ಸ್ವತಃ ಯಡಿಯೂರಪ್ಪ. ಹೊರಡುವವರ ಒಪ್ಪಿಗೆಯೂ ಒಂದು ಓಟೇ. 2023ರ ಡಿಸೆಂಬರ್‌ನಲ್ಲಿ ರಾಜಸ್ಥಾನಕ್ಕೆ ಬಿಜೆಪಿ ಆರಿಸಿದ ಭಜನ್‌ಲಾಲ್ ಶರ್ಮಾ ಮೊದಲ ಸಲ ಶಾಸಕರಾದವರು.

ಹಾಗಾದರೆ ‘ಮೋದಿ ನಂತರ ಯಾರು’ ಎಂಬ ಚರ್ಚೆ? 2025ರ ಸೆಪ್ಟೆಂಬರ್ 17ಕ್ಕೆ ಅವರಿಗೆ 75 ತುಂಬುವ ಮುಂಚೆ ಅದು ಜೋರಾಗಿ ಎದ್ದಿತ್ತು. 75ಕ್ಕೆ ಯಾರಾದರೂ ನಿವೃತ್ತರಾಗಬೇಕು ಎಂದು ನಾನು ಹೇಳಿಲ್ಲ ಎಂದು ಮೋಹನ್ ಭಾಗವತ್ ಆಗಸ್ಟ್ ಕೊನೆಯಲ್ಲಿ ಹೇಳಿದ ಮೇಲೆ ತಣ್ಣಗಾಯಿತು. ಸಮೀಕ್ಷೆಗಳು ಇದನ್ನು ಸಾಮಾನ್ಯ ಜನರನ್ನು ಕೇಳುತ್ತವೆ, ಅಮಿತ್ ಶಾ, ಯೋಗಿ, ಗಡ್ಕರಿ ಅಂತ ಶೇಕಡಾ ಕೊಡುತ್ತವೆ. ಆ ಜನರಿಗೆ ಈ ಆಯ್ಕೆಯಲ್ಲಿ ಓಟೇ ಇಲ್ಲ. ಓಟು ಇರುವುದು ಪಕ್ಷದ ಸಂಸದೀಯ ಮಂಡಳಿಗೆ, ಹಿಂದಿನಿಂದ ಸಂಘಕ್ಕೆ, ಹೊರಡುವ ನಾಯಕನಿಗೆ. 2013ರ ಸೆಪ್ಟೆಂಬರ್ 13ರಂದು ಮೋದಿಯವರನ್ನು ಪ್ರಧಾನಿ ಅಭ್ಯರ್ಥಿ ಎಂದು ಘೋಷಿಸಿದ್ದೂ ಆ ಮಂಡಳಿಯೇ. ಅಡ್ವಾಣಿ ಅವತ್ತು ಸಭೆಗೆ ಬರಲಿಲ್ಲ, ನಿರ್ಧಾರ ನಿಲ್ಲಲೂ ಇಲ್ಲ.

2014 ಮತ್ತು 2019ರಲ್ಲಿ ಬಿಜೆಪಿಗೆ ಒಂಟಿಯಾಗಿ ಬಹುಮತ ಇತ್ತು, ಹೀಗಾಗಿ ಮಿತ್ರಪಕ್ಷಗಳನ್ನು ಕೇಳುವ ಅಗತ್ಯ ಇರಲಿಲ್ಲ. 2024ರಲ್ಲಿ ಬಂದದ್ದು 240. ಸರಳ ಬಹುಮತಕ್ಕೆ 272 ಬೇಕು. ಟಿಡಿಪಿಯ 16, ಜೆಡಿಯುನ 12, ಜೊತೆಗೆ ಸಣ್ಣ ಮಿತ್ರಪಕ್ಷಗಳೂ ಸೇರಿದರೆ ಕುರ್ಚಿ ನಿಲ್ಲುತ್ತದೆ. ಈ ಲೋಕಸಭೆಯ ಅವಧಿಯಲ್ಲೇ ನಾಯಕ ಬದಲಾಗುವ ಪ್ರಸಂಗ ಬಂದರೆ ಟಿಡಿಪಿ, ಜೆಡಿಯು ಎರಡೂ ಒಟ್ಟಾದರೆ ಬೇಡ ಎನ್ನುವ ಶಕ್ತಿ ಅವುಗಳಿಗೆ ಇರುತ್ತದೆ. ಮುಸ್ಲಿಂ ಮತದಾರರನ್ನೂ ನೆಚ್ಚಿಕೊಂಡ ಪಕ್ಷಗಳು ಅವು. ಸಮೀಕ್ಷೆಯಲ್ಲಿ ಮೊದಲು ಬರುವ ಗಟ್ಟಿ ದನಿಯ ಹೆಸರು ಅವುಗಳಿಗೆ ಕಷ್ಟದ ಹೆಸರಾಗಬಹುದು, ಮೂರನೆಯದೋ ನಾಲ್ಕನೆಯದೋ ಸುಲಭ ಅನ್ನಿಸಬಹುದು. 2029ರ ಚುನಾವಣೆ ಆದ ಮೇಲೆ ಬದಲಾವಣೆ ಬಂದರೆ ಆಗಿನ ಸೀಟುಗಳನ್ನು ಇಟ್ಟುಕೊಂಡು ಲೆಕ್ಕ ಮತ್ತೆ ಹಾಕಬೇಕಾಗುತ್ತದೆ.